ಒಳಗಿನದು ಮೊದಲು, ಹೊರಗಿನದು ಆಮೇಲೆ: ಗಿಟ್ ಸಬ್‌ಮಾಡ್ಯೂಲ್‌ಗೆ ಸಮಗ್ರ ಮಾರ್ಗದರ್ಶಿ

50,000 ರೂಪಾಯಿಯ ಬಿಲ್ಲಿನ ಕೆಳಗೆ ನಮ್ಮ ಪ್ರೋಗ್ರಾಮ್ ‘ಐವತ್ತು ಸಾವಿರದ ರೂಪಾಯಿ’ ಎಂದು ಅಚ್ಚು ಹಾಕುತ್ತಿತ್ತು. ಮೊತ್ತ 50,350 ಇದ್ದರೆ ‘ಐವತ್ತು ಸಾವಿರದ ಮುನ್ನೂರ ಐವತ್ತು’ ಎನ್ನುವುದು ಸರಿ. ಮುಂದೆ ಏನೂ ಇಲ್ಲದೆ ಸಾವಿರಕ್ಕೇ ನಿಂತರೆ ಆ ‘ದ’ ಬರಬಾರದು. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ಬಿಲ್ಲು ಹಿಡಿದು ತೋರಿಸಿದರು. ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ತಿಂಗಳ ಮೇಲೆ ಗೋಕರ್ಣದ ಹೋಂಸ್ಟೇ ಬಿಲ್ಲಿನಲ್ಲಿ ಅದೇ ತಪ್ಪು ಕಂಡಿತು. ಅಲ್ಲೂ ಸರಿ ಮಾಡಿದೆ. ಮಳೆಗಾಲದ ಹೊತ್ತಿಗೆ ಕಾರವಾರದ ಮೀನು ವ್ಯಾಪಾರದ ಲೆಕ್ಕದಲ್ಲಿ ಮತ್ತೆ ಅದೇ ‘ದ’.

ಮೂರೂ ಪ್ರಾಜೆಕ್ಟ್‌ಗಳಲ್ಲಿ ‘ಅಂಕಿ’ ಎಂಬ ಒಂದು ಫೋಲ್ಡರ್ ಇತ್ತು. ಸಂಖ್ಯೆಗೆ ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕುವುದು, ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು, ಇಷ್ಟೇ ಅದರ ಕೆಲಸ. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಿಕೊಂಡಿದ್ದೆವು. ಹಾಗಾಗಿ ತಪ್ಪೂ ಕಾಪಿ ಆಗಿತ್ತು, ಸರಿ ಮಾಡಿದ್ದು ಮಾತ್ರ ಕಾಪಿ ಆಗಿರಲಿಲ್ಲ.

ಇಂಥ ಫೋಲ್ಡರನ್ನು ಬೇರೆ ರೆಪೊ ಮಾಡಿ, ಗಿಟ್‌ನ ಸಬ್‌ಮಾಡ್ಯೂಲ್ ಮೂಲಕ ಮೂರೂ ಪ್ರಾಜೆಕ್ಟ್‌ಗಳಿಗೆ ಜೋಡಿಸುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಮಿಟ್, ಪುಶ್, ಪುಲ್ ಗೊತ್ತಿದ್ದರೆ ಸಾಕು. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಸಬ್‌ಮಾಡ್ಯೂಲ್ ಅಂದರೆ ಏನು

ಕಮಾಂಡ್‌ಗೆ ಮೊದಲು ಇದು ತಲೆಗೆ ಹೋಗಬೇಕು. ಇದು ಗೊತ್ತಿಲ್ಲದೆ ಸುಮ್ನೆ ಕಮಾಂಡ್ ಹೊಡೆಯುತ್ತಾ ಹೋದರೆ ಎರಡನೇ ವಾರವೇ ಸಿಕ್ಕಿಹಾಕಿಕೊಳ್ಳುತ್ತೀರಿ.

ನಮ್ಮ ಕಡೆ ಅಡಿಕೆ ತೋಟದ ಜೊತೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗ, ಇರುತ್ತದೆ. ತೋಟ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ. ಮನೆಯ ಕಾಗದಪತ್ರದಲ್ಲಿ ಬೆಟ್ಟ ಇರುವುದಿಲ್ಲ, ಅದರ ಸರ್ವೆ ನಂಬರ್ ಇರುತ್ತದೆ. ಸೊಪ್ಪು ಬೇಕಾದರೆ ಆ ನಂಬರಿನ ಜಾಗಕ್ಕೇ ಹೋಗಬೇಕು.

ಸಬ್‌ಮಾಡ್ಯೂಲ್ ಕೂಡ ಹೀಗೇ. ಹೊರಗಿನ ರೆಪೊದಲ್ಲಿ ‘ಅಂಕಿ’ಯ ಕೋಡ್ ಇರುವುದಿಲ್ಲ. ಎರಡು ವಿಷಯ ಮಾತ್ರ ಇರುತ್ತವೆ. ಒಂದು, ‘.ಗಿಟ್‌ಮಾಡ್ಯೂಲ್ಸ್’ ಎಂಬ ಸಣ್ಣ ಫೈಲು. ಯಾವ ಫೋಲ್ಡರ್, ಅದರ ರೆಪೊ ವಿಳಾಸ ಏನು ಎಂದು ಅದರಲ್ಲಿ ಬರೆದಿರುತ್ತದೆ. ಇನ್ನೊಂದು, ಒಂದೇ ಒಂದು ಕಮಿಟ್‌ನ ನಂಬರು. ಮಾಮೂಲಿ ಫೈಲಿಗೆ ಗಿಟ್ 100644 ಎಂಬ ಗುರುತು ಹಾಕುತ್ತದೆ, ಸಬ್‌ಮಾಡ್ಯೂಲ್‌ಗೆ 160000 ಎಂದು ಹಾಕುತ್ತದೆ. ‘ಇಲ್ಲಿ ಫೈಲಿಲ್ಲ, ಬೇರೆ ರೆಪೊದ ಕಮಿಟ್ ಇದೆ’ ಎಂಬುದೇ ಅದರ ಅರ್ಥ.

ಗಮನಿಸಿ, ಅಲ್ಲಿರುವುದು ಬ್ರಾಂಚಿನ ಹೆಸರಲ್ಲ. ‘ಅಂಕಿಯಲ್ಲಿ ಹೊಸದಾಗಿ ಇರುವುದು ಯಾವುದೋ ಅದು’ ಎಂದೂ ಅಲ್ಲ. ‘ಅಂಕಿಯ 4071938 ನಂಬರಿನ ಕಮಿಟ್’ ಎಂದು ಖಡಕ್ಕಾಗಿ ಇರುತ್ತದೆ. ಅಲ್ಲಿ ಯಾರು ಎಷ್ಟೇ ಬದಲಾಯಿಸಲಿ, ನೀವು ನಂಬರ್ ಬದಲಿಸುವ ತನಕ ನಿಮ್ಮ ಪ್ರಾಜೆಕ್ಟ್ ಅಲುಗುವುದಿಲ್ಲ. ಸಬ್‌ಮಾಡ್ಯೂಲನ್ನು ನಾನು ಇಷ್ಟಪಡುವುದು ಇದಕ್ಕೇ. ಹೋಂಸ್ಟೇ ಬಿಲ್ಲಿಗಾಗಿ ಮಾಡಿದ ಬದಲಾವಣೆ ಅಡಿಕೆ ಸೀಸನ್ನಿನ ನಡುವೆ ಅಂಗಡಿಯವರ ಬಿಲ್ಲನ್ನು ಕೆಡಿಸಲಾರದು.

ಏನನ್ನು ಬೇರೆ ಮಾಡಬೇಕು

ನಾನು ಮೊದಲ ಸಲ ಉತ್ಸಾಹದಲ್ಲಿ ಜಾಸ್ತಿ ಸಾಮಾನು ತುಂಬಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಅಡಿಕೆಯ ಬಗೆಗಳ ಪಟ್ಟಿಯೂ ‘ಅಂಕಿ’ಗೆ ಹೋಯಿತು. ಹೋಂಸ್ಟೇಯವರಿಗೆ ಚಾಲಿ ಯಾಕೆ ಬೇಕು? ಆ ಪಟ್ಟಿಯಲ್ಲಿ ಒಂದು ಹೆಸರು ತಿದ್ದಿದರೂ ಮೂರು ಕಡೆ ನಂಬರ್ ಬದಲಿಸುವ ಕೆಲಸ ಬಂತು. ಕೊನೆಗೆ ಅದನ್ನು ಅಡಿಕೆ ಪ್ರಾಜೆಕ್ಟ್‌ಗೇ ವಾಪಸ್ ತಂದೆ.

ಎರಡಕ್ಕಿಂತ ಹೆಚ್ಚು ಕಡೆ ಬೇಕಾಗಿರಬೇಕು, ಅಪರೂಪಕ್ಕೆ ಬದಲಾಗಬೇಕು, ತನ್ನಷ್ಟಕ್ಕೆ ತಾನು ಓಡಿಸಿ ಪರೀಕ್ಷೆ ಮಾಡುವಂತಿರಬೇಕು. ಈ ಮೂರೂ ಇದ್ದರೆ ಬೇರೆ ಮಾಡಿ. ದಿನಾ ಹೊರಗಿನ ಕೋಡ್ ಜೊತೆಗೇ ತಿದ್ದುವ ಭಾಗವಾದರೆ ಬೇಡ, ಒಂದೇ ರೆಪೊದಲ್ಲಿ ಇಟ್ಟುಕೊಳ್ಳಿ. ಭಾಷೆಗೆ ಒಳ್ಳೆಯ ಪ್ಯಾಕೇಜ್ ವ್ಯವಸ್ಥೆ ಇದ್ದು, ನಿಮ್ಮ ತುಣುಕು ಪ್ಯಾಕೇಜ್ ಆಗುವಷ್ಟು ಬೆಳೆದಿದ್ದರೆ ಅದೇ ಸುಲಭ.

ಮೊದಲ ಹಂತ: ಫೋಲ್ಡರನ್ನು ಅದರ ಇತಿಹಾಸದ ಜೊತೆ ಹೊರತೆಗೆಯುವುದು

ಫೈಲುಗಳನ್ನು ಕಾಪಿ ಮಾಡಿ ಹೊಸ ರೆಪೊ ಶುರು ಮಾಡಿದರೂ ನಡೆಯುತ್ತದೆ. ಆದರೆ ಹಳೆಯ ಕಮಿಟ್‌ಗಳು ಹೋಗುತ್ತವೆ. ‘ಸಾವಿರದ’ ಎಂದು ಯಾವಾಗ, ಯಾಕೆ ಬರೆದೆವು ಎಂದು ಹುಡುಕಲು ಅವು ಬೇಕಾಗುತ್ತವೆ. ಹಾಗಾಗಿ ಹೀಗೆ ಮಾಡಿ. ಮೊದಲು ಗಿಟ್‌ಹಬ್‌ನಲ್ಲೋ ಗಿಟ್‌ಲ್ಯಾಬ್‌ನಲ್ಲೋ ಖಾಲಿ ರೆಪೊ ತೆರೆಯಿರಿ. ಆಮೇಲೆ ಅಡಿಕೆ ಪ್ರಾಜೆಕ್ಟ್‌ನ ಮೇಲಿನ ಫೋಲ್ಡರ್‌ನಲ್ಲಿ ನಿಂತು:

```
ಗಿಟ್ ಸಬ್‌ಟ್ರೀ ಸ್ಪ್ಲಿಟ್ --ಪ್ರಿಫಿಕ್ಸ್=ಅಂಕಿ -ಬಿ ಅಂಕಿ-ಮಾತ್ರ
ಗಿಟ್ ಪುಶ್ <ಅಂಕಿ-ವಿಳಾಸ> ಅಂಕಿ-ಮಾತ್ರ:ಮೇನ್
```

ಮೊದಲ ಸಾಲು ‘ಅಂಕಿ’ ಫೋಲ್ಡರಿಗೆ ಸಂಬಂಧಪಟ್ಟ ಕಮಿಟ್‌ಗಳನ್ನಷ್ಟೇ ಸೋಸಿ ಹೊಸ ಬ್ರಾಂಚ್ ಮಾಡುತ್ತದೆ. ಎರಡನೆಯದು ಅದನ್ನು ಹೊಸ ರೆಪೊಕ್ಕೆ ಕಳಿಸುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಸಬ್‌ಟ್ರೀ ಬೇರೆ ಪ್ಯಾಕೇಜ್ ಆಗಿರುತ್ತದೆ, ಕಮಾಂಡ್ ಸಿಗದಿದ್ದರೆ ಹಾಕಿಕೊಳ್ಳಿ. ಮುಂದೆ ಹೋಗುವ ಮುಂಚೆ ಹೊಸ ರೆಪೊ ತೆರೆದು ಫೈಲುಗಳೂ ಹಳೆಯ ಕಮಿಟ್‌ಗಳೂ ಬಂದಿವೆಯಾ ನೋಡಿ.

ಎರಡನೇ ಹಂತ: ಹಳೆಯದನ್ನು ತೆಗೆದು ಸಬ್‌ಮಾಡ್ಯೂಲ್ ಜೋಡಿಸುವುದು

```
ಗಿಟ್ ಆರ್‌ಎಂ -ಆರ್ ಅಂಕಿ
ಗಿಟ್ ಕಮಿಟ್ -ಎಂ "ಅಂಕಿ ಬೇರೆ ರೆಪೊಕ್ಕೆ ಹೋಯಿತು"
ಗಿಟ್ ಸಬ್‌ಮಾಡ್ಯೂಲ್ ಆ್ಯಡ್ -ಬಿ ಮೇನ್ <ಅಂಕಿ-ವಿಳಾಸ> ಅಂಕಿ
ಗಿಟ್ ಕಮಿಟ್ -ಎಂ "ಅಂಕಿಯನ್ನು ಸಬ್‌ಮಾಡ್ಯೂಲ್ ಆಗಿ ಸೇರಿಸಿದೆ"
```

ಹಳೆಯ ಫೋಲ್ಡರ್ ತೆಗೆಯದೆ ಮೂರನೇ ಸಾಲು ಕೊಟ್ಟರೆ, ಆ ಹೆಸರು ಆಗಲೇ ಇಂಡೆಕ್ಸ್‌ನಲ್ಲಿ (ಮುಂದಿನ ಕಮಿಟ್‌ಗೆ ಗಿಟ್ ಇಟ್ಟುಕೊಂಡಿರುವ ಪಟ್ಟಿಯಲ್ಲಿ) ಇದೆ ಎಂದು ಗಿಟ್ ನಿಲ್ಲಿಸುತ್ತದೆ. ‘ಗಿಟ್‌ಇಗ್ನೋರ್’ನಿಂದಾಗಿ ಗಿಟ್‌ಗೆ ಕಾಣದೆ ಉಳಿದ ಫೈಲುಗಳು ಆ ಫೋಲ್ಡರಿನಲ್ಲಿದ್ದರೆ ಅವನ್ನೂ ಕೈಯಿಂದ ತೆಗೆಯಬೇಕು.

ವಿಳಾಸದ ಬಗ್ಗೆ ಒಂದು ಮಾತು. ಹೊರಗಿನ ರೆಪೊವೂ ಒಳಗಿನದೂ ಒಂದೇ ಖಾತೆಯಲ್ಲಿದ್ದರೆ ಪೂರ್ತಿ ವಿಳಾಸ ಬೇಡ, ‘../ಅಂಕಿ.ಗಿಟ್’ ಎಂದು ಕೊಡಿ. ಹೊರಗಿನದು ಎಲ್ಲಿಂದ ಬಂದಿದೆಯೋ ಅದರ ಪಕ್ಕದಲ್ಲೇ ಗಿಟ್ ಒಳಗಿನದನ್ನು ಹುಡುಕುತ್ತದೆ. ನೀವು ಎಸ್‌ಎಸ್‌ಎಚ್ ಬಳಸಿ, ನಿಮ್ಮ ಜೊತೆಗಾರ ಎಚ್‌ಟಿಟಿಪಿಎಸ್ ಬಳಸಿದರೂ ಇಬ್ಬರಿಗೂ ನಡೆಯುತ್ತದೆ. ಇದನ್ನು ನಾನು ತಡವಾಗಿ ಕಲಿತೆ, ನೀವು ಮೊದಲ ದಿನವೇ ಮಾಡಿ.

ಉಳಿದೆರಡು ಪ್ರಾಜೆಕ್ಟ್‌ಗಳಲ್ಲೂ ಈ ಹಂತವನ್ನೇ ಮಾಡಿದರಾಯಿತು. ಮೊದಲ ಹಂತ ಮತ್ತೆ ಬೇಡ. ಆದರೆ ಅಲ್ಲಿನ ಕಾಪಿಗಳಲ್ಲಿ ಬೇರೆ ಏನಾದರೂ ತಿದ್ದಿದ್ದೀರಾ ಎಂದು ಹೋಲಿಸಿ ನೋಡಿ. ನಮ್ಮ ಮೀನಿನ ಲೆಕ್ಕದ ಕಾಪಿಯಲ್ಲಿ ಪೈಸೆಗಳನ್ನು ಹತ್ತಿರದ ರೂಪಾಯಿಗೆ ತರುವ ನಾಲ್ಕು ಸಾಲು ಹೊಸದಾಗಿ ಸೇರಿತ್ತು. ಹಾಗೇ ಅಳಿಸಿದ್ದರೆ ಕೆಟ್ಟಿತ್ತು.

ಮೂರನೇ ಹಂತ: ಬೇರೆಯವರು ಇಳಿಸಿಕೊಳ್ಳುವುದು

ಕಾರವಾರದಲ್ಲಿರುವ ನನ್ನ ಜೊತೆಗಾರನಿಂದ ಮೊದಲ ಫೋನು ಬಂದದ್ದೇ ಇದಕ್ಕೆ. ‘ಅಣ್ಣಾ, ಅಂಕಿ ಫೋಲ್ಡರ್ ಬಂತು, ಒಳಗೆ ಎಂತದೂ ಇಲ್ಲ.’ ಮಾಮೂಲಿ ಕ್ಲೋನ್ ಮಾಡಿದರೆ ಹೀಗೇ ಆಗುತ್ತದೆ. ನಂಬರ್ ಬರುತ್ತದೆ, ಕೋಡ್ ಬರುವುದಿಲ್ಲ. ಹೊಸದಾಗಿ ಇಳಿಸುವವರು ಹೀಗೆ ಕೊಡಬೇಕು:

```
ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್ <ಅಡಿಕೆ-ವಿಳಾಸ>
```

ಆಗಲೇ ಕ್ಲೋನ್ ಆಗಿದ್ದರೆ ಅದರೊಳಗೆ ನಿಂತು:

```
ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್
```

ಈ ಎರಡನೇ ಸಾಲನ್ನು ರೀಡ್‌ಮಿ ಫೈಲಿನ ಮೊದಲ ಐದು ಸಾಲಿನೊಳಗೆ ಬರೆದಿಡಿ. ಎಲ್ಲ ಸರ್ವರ್‌ಗೂ ಇದೇ ಮಾತು: ಪುಶ್ ಮಾಡಿದಾಗ ತಾನಾಗಿ ಪರೀಕ್ಷೆ ಓಡಿಸುವ ವ್ಯವಸ್ಥೆ ಇದ್ದರೆ, ಸಬ್‌ಮಾಡ್ಯೂಲ್ ಕೂಡ ಇಳಿಸು ಎಂದು ಅಲ್ಲಿಯೂ ಹೇಳಬೇಕು.

ನಾಲ್ಕನೇ ಹಂತ: ಒಳಗಿನ ಕೋಡ್ ತಿದ್ದುವುದು

ಇಲ್ಲಿ ನಿಧಾನಕ್ಕೆ ಓದಿ. ಸಬ್‌ಮಾಡ್ಯೂಲ್‌ನಲ್ಲಿ ಆಗುವ ನಷ್ಟ ಎಲ್ಲ ಈ ಜಾಗದಲ್ಲೇ ಆಗುವುದು.

ಅಪ್‌ಡೇಟ್ ಕೊಟ್ಟಾಗ ಗಿಟ್ ಒಳಗಿನ ಫೋಲ್ಡರನ್ನು ನೇರವಾಗಿ ಆ ನಂಬರಿನ ಕಮಿಟ್ ಮೇಲೆ ನಿಲ್ಲಿಸುತ್ತದೆ. ಯಾವ ಬ್ರಾಂಚ್ ಮೇಲೂ ಅಲ್ಲ. ಇದಕ್ಕೆ ಡಿಟ್ಯಾಚ್ಡ್ ಹೆಡ್ ಎನ್ನುತ್ತಾರೆ. ಆ ಸ್ಥಿತಿಯಲ್ಲೇ ತಿದ್ದಿ ಕಮಿಟ್ ಮಾಡಿದರೆ ಕಮಿಟ್ ಆಗುತ್ತದೆ, ಆದರೆ ಅದನ್ನು ಹಿಡಿದುಕೊಳ್ಳುವ ಬ್ರಾಂಚ್ ಇರುವುದಿಲ್ಲ. ಮುಂದಿನ ಅಪ್‌ಡೇಟ್‌ಗೆ ನಿಮ್ಮ ಕೆಲಸ ಕಣ್ಣಿಂದ ಮರೆಯಾಗುತ್ತದೆ. ಹಾಗಾಗಿ ತಿದ್ದುವ ಮೊದಲೇ ಬ್ರಾಂಚಿಗೆ ಹೋಗಿ, ಅಲ್ಲಿನ ಹೊಸದನ್ನು ತಂದುಕೊಳ್ಳಿ:

```
ಸಿಡಿ ಅಂಕಿ
ಗಿಟ್ ಸ್ವಿಚ್ ಮೇನ್
ಗಿಟ್ ಪುಲ್
```

ಈಗ ತಿದ್ದಿ. ಪರೀಕ್ಷೆ ಮಾಡಿ. ಆಮೇಲೆ ಒಳಗೇ ನಿಂತು ಕಮಿಟ್, ಒಳಗೇ ನಿಂತು ಪುಶ್:

```
ಗಿಟ್ ಕಮಿಟ್ -ಎ -ಎಂ "ಸಾವಿರಕ್ಕೆ ನಿಂತರೆ ದ ಬೇಡ"
ಗಿಟ್ ಪುಶ್
```

ಇದು ಮುಗಿದ ಮೇಲೆಯೇ ಹೊರಗೆ ಬನ್ನಿ:

```
ಸಿಡಿ ..
ಗಿಟ್ ಆ್ಯಡ್ ಅಂಕಿ
ಗಿಟ್ ಕಮಿಟ್ -ಎಂ "ಅಂಕಿಯ ಹೊಸ ನಂಬರ್: ಸಾವಿರದ ತಪ್ಪು ಸರಿ"
ಗಿಟ್ ಪುಶ್
```

ಆ್ಯಡ್ ಮಾಡುವಾಗ ‘ಅಂಕಿ/’ ಒಳಗಿನ ಫೈಲುಗಳನ್ನು ಸೇರಿಸುತ್ತಿಲ್ಲ, ನಂಬರನ್ನು ಸೇರಿಸುತ್ತಿದ್ದೀರಿ.

ಅಕಸ್ಮಾತ್ ಬ್ರಾಂಚ್ ಇಲ್ಲದೆ ಕಮಿಟ್ ಮಾಡಿ ಕಳೆದುಕೊಂಡರೆ ಗಾಬರಿ ಬೇಡ. ಅಂಕಿ ಫೋಲ್ಡರಿನೊಳಗೆ ‘ಗಿಟ್ ರೆಫ್‌ಲಾಗ್’ ಕೊಡಿ. ನೀವು ಈಚೆಗೆ ನಿಂತಿದ್ದ ಕಮಿಟ್‌ಗಳೆಲ್ಲ ಕಾಣುತ್ತವೆ. ನಿಮ್ಮದರ ನಂಬರ್ ನೋಡಿಕೊಂಡು ‘ಗಿಟ್ ಬ್ರಾಂಚ್ ಉಳಿಸಿದ್ದು 4071938’ ಎಂದು ಅದಕ್ಕೊಂದು ಬ್ರಾಂಚ್ ಕಟ್ಟಿ. ಬಹಳ ದಿನ ಬಿಡಬೇಡಿ, ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳನ್ನು ಗಿಟ್ ಒಂದು ದಿನ ಗುಡಿಸಿ ಹಾಕುತ್ತದೆ.

ಒಳಗಿನದನ್ನು ಮರೆತಾಗ

ಒಂದು ಆಗಸ್ಟ್ ಸಂಜೆ ನಾನು ಈ ಕ್ರಮ ತಪ್ಪಿಸಿದೆ. ಒಳಗೆ ಕಮಿಟ್ ಮಾಡಿದೆ. ಹೊರಗೆ ಬಂದು ಕಮಿಟ್ ಮಾಡಿ ಪುಶ್ ಮಾಡಿದೆ. ಒಳಗಿನ ಪುಶ್ ಮರೆತೇ ಹೋಯಿತು. ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ. ಅಂದು ರಾತ್ರಿಯ ಮಳೆಗೆ ಮರ ಬಿದ್ದು ಕರೆಂಟು ಹೋಯಿತು, ಅದರ ಹಿಂದೆಯೇ ಇಂಟರ್ನೆಟ್ಟೂ ಹೋಯಿತು.

ಬೆಳಿಗ್ಗೆ ಕಾರವಾರದಿಂದ ಫೋನು. ಕರೆ ಮಾತ್ರ ಹೇಗೋ ಬರುತ್ತಿತ್ತು. ‘ಅಣ್ಣಾ, ಆ ನಂಬರಿನ ಕಮಿಟ್ಟೇ ಇಲ್ಲ ಅಂತ ಹೇಳ್ತದೆ. ನಾಳೆ ಮಧ್ಯಾಹ್ನ ಅವರಿಗೆ ತೋರಿಸಬೇಕು.’ ಅವನ ಹತ್ತಿರ ನಂಬರ್ ಇತ್ತು. ಆ ನಂಬರಿನ ಕಮಿಟ್ ಇಡೀ ಲೋಕದಲ್ಲಿ ಇದ್ದದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅವನ ತಪ್ಪು ಏನೂ ಇಲ್ಲದೆ ಅವನ ಇಡೀ ದಿನದ ಕೆಲಸ ನಿಂತಿತು. ನನಗೆ ಇವತ್ತಿಗೂ ಅದರ ಬೇಸರ ಇದೆ.

ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಚಾರ್ಜ್ ಉಳಿದಿತ್ತು. ಅಂಕಿ ಫೋಲ್ಡರಿನೊಳಗೆ ಹೋಗಿ ಇಡೀ ಬ್ರಾಂಚನ್ನು ಒಂದೇ ಫೈಲಿಗೆ ಕಟ್ಟಿದೆ:

```
ಗಿಟ್ ಬಂಡಲ್ ಕ್ರಿಯೇಟ್ ಅಂಕಿ.ಬಂಡಲ್ ಮೇನ್
```

ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಮರುದಿನ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟೆ. ಅಲ್ಲಿ ಅವನು ತನ್ನ ಅಂಕಿ ಫೋಲ್ಡರಿನೊಳಗೆ ಮೊದಲ ಸಾಲು, ಹೊರಗೆ ಬಂದು ಮೂರನೆಯದು ಕೊಟ್ಟ:

```
ಗಿಟ್ ಫೆಚ್ <ಪೆನ್‌ಡ್ರೈವ್-ದಾರಿ>/ಅಂಕಿ.ಬಂಡಲ್ ಮೇನ್:ಬಸ್ಸಲ್ಲಿ-ಬಂದದ್ದು
ಸಿಡಿ ..
ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ನೋ-ಫೆಚ್
```

‘ಮೇನ್:ಬಸ್ಸಲ್ಲಿ-ಬಂದದ್ದು’ ಎಂಬ ಭಾಗ ಮುಖ್ಯ. ಬಂದ ಕಮಿಟ್‌ಗೆ ಒಂದು ಬ್ರಾಂಚಿನ ಹೆಸರು ಸಿಗದಿದ್ದರೆ, ‘--ನೋ-ಫೆಚ್’ ಇಲ್ಲದ ಮಾಮೂಲಿ ಅಪ್‌ಡೇಟ್ ಕೊಟ್ಟಾಗ ಗಿಟ್ ಮತ್ತೆ ಸರ್ವರ್ ಹತ್ತಿರ ಕೇಳಲು ಹೋಗುತ್ತದೆ. ಮಧ್ಯಾಹ್ನಕ್ಕೆ ಮುಂಚೆ ಅವನ ಫೋನು ಬಂತು, ಬಿಲ್ಲು ಸರಿಯಾಗಿ ಬಂದಿತ್ತು.

ಅಂದೇ ಇಬ್ಬರೂ ಈ ಸೆಟ್ಟಿಂಗ್ ಹಾಕಿಕೊಂಡೆವು:

```
ಗಿಟ್ ಕಾನ್ಫಿಗ್ --ಗ್ಲೋಬಲ್ ಪುಶ್.ರಿಕರ್ಸ್‌ಸಬ್‌ಮಾಡ್ಯೂಲ್ಸ್ ಚೆಕ್
```

ಈಗ ಒಳಗಿನ ಕಮಿಟ್ ಸರ್ವರ್‌ಗೆ ಹೋಗಿರದಿದ್ದರೆ ಹೊರಗಿನ ಪುಶ್ಶನ್ನು ಗಿಟ್ ತಡೆಯುತ್ತದೆ. ‘ಚೆಕ್’ ಬದಲು ‘ಆನ್-ಡಿಮ್ಯಾಂಡ್’ ಎಂದು ಕೊಟ್ಟರೆ ಒಳಗಿನದನ್ನು ಗಿಟ್ ತಾನೇ ಮೊದಲು ಪುಶ್ ಮಾಡುತ್ತದೆ. ನನಗೆ ‘ಚೆಕ್’ ಹೆಚ್ಚು ಇಷ್ಟ. ಮೂರು ಪ್ರಾಜೆಕ್ಟ್‌ಗಳು ನಂಬಿಕೊಂಡಿರುವ ಕೋಡ್ ನನ್ನ ಕಣ್ಣೆದುರೇ ಹೋಗಲಿ.

ಐದನೇ ಹಂತ: ಬೇರೆಯವರು ಮಾಡಿದ್ದನ್ನು ತರುವುದು

ಇಲ್ಲಿ ಎರಡು ಬೇರೆ ಬೇರೆ ಸಂದರ್ಭ ಇವೆ, ಕಲಸಿಕೊಳ್ಳಬೇಡಿ.

ಜೊತೆಗಾರ ಆಗಲೇ ನಂಬರ್ ಬದಲಿಸಿ ಪುಶ್ ಮಾಡಿದ್ದಾನೆ, ನೀವು ಅದನ್ನು ಪಡೆಯಬೇಕು ಎನ್ನೋಣ. ‘ಗಿಟ್ ಪುಲ್’ ಮಾಡಿದರೆ ಹೊಸ ನಂಬರ್ ಬರುತ್ತದೆ, ಒಳಗಿನ ಫೋಲ್ಡರ್ ಮಾತ್ರ ಹಳೆಯ ಕಮಿಟ್ ಮೇಲೇ ನಿಂತಿರುತ್ತದೆ. ಸ್ಟೇಟಸ್ ನೋಡಿದರೆ ನೀವು ಏನೂ ಮುಟ್ಟದಿದ್ದರೂ ‘ಅಂಕಿ’ ಬದಲಾಗಿದೆ ಎಂದು ತೋರಿಸುತ್ತದೆ. ಆಗ ಯೋಚಿಸದೆ ‘ಗಿಟ್ ಕಮಿಟ್ -ಎ’ ಕೊಟ್ಟರೆ ಹಳೆಯ ನಂಬರನ್ನೇ ವಾಪಸ್ ಬರೆದಂತಾಯಿತು. ಅವನು ಸರಿ ಮಾಡಿದ್ದು ಸದ್ದಿಲ್ಲದೆ ಹೋಯಿತು. ಪುಲ್ ಆದ ಕೂಡಲೇ ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್’ ಕೊಡಬೇಕು. ಅಥವಾ ಒಂದೇ ಸಲ ಹೀಗೆ ಹೇಳಿಬಿಡಿ:

```
ಗಿಟ್ ಕಾನ್ಫಿಗ್ --ಗ್ಲೋಬಲ್ ಸಬ್‌ಮಾಡ್ಯೂಲ್.ರಿಕರ್ಸ್ ಟ್ರೂ
```

2017ರಲ್ಲಿ ಬಂದ ಗಿಟ್ 2.14 ಅಥವಾ ಅದಕ್ಕಿಂತ ಹೊಸದರಲ್ಲಿ ಇದು ಕೆಲಸ ಮಾಡುತ್ತದೆ. ಪುಲ್ ಮಾಡಿದಾಗಲೂ, ಬ್ರಾಂಚ್ ಬದಲಿಸಿದಾಗಲೂ ಒಳಗಿನದು ಜೊತೆಗೇ ಬರುತ್ತದೆ. ಯಾರಾದರೂ ಹೊಚ್ಚ ಹೊಸ ಸಬ್‌ಮಾಡ್ಯೂಲ್ ಸೇರಿಸಿದ್ದರೆ ಮಾತ್ರ ‘--ಇನಿಟ್’ ಇರುವ ಅಪ್‌ಡೇಟ್ ಒಮ್ಮೆ ಬೇಕು.

ಇನ್ನೊಂದು ಸಂದರ್ಭ: ಅಂಕಿಯಲ್ಲಿ ಹೊಸತು ಬಂದಿದೆ, ನಿಮ್ಮ ಪ್ರಾಜೆಕ್ಟ್ ಹಳೆಯ ನಂಬರಿನಲ್ಲೇ ಇದೆ, ನೀವೇ ಮುಂದಕ್ಕೆ ತರಬೇಕು.

```
ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ರಿಮೋಟ್ ಅಂಕಿ
ಗಿಟ್ ಡಿಫ್ --ಸಬ್‌ಮಾಡ್ಯೂಲ್=ಲಾಗ್
```

ಎರಡನೇ ಸಾಲು ಹಳೆಯ ನಂಬರಿಗೂ ಹೊಸ ನಂಬರಿಗೂ ನಡುವೆ ಬಂದ ಕಮಿಟ್‌ಗಳ ಪಟ್ಟಿ ಕೊಡುತ್ತದೆ. ಓದಿ, ಬಿಲ್ಲು ಅಚ್ಚು ಹಾಕಿ ನೋಡಿ, ಆಮೇಲೆ ಆ್ಯಡ್, ಕಮಿಟ್, ಪುಶ್. ಅಡಿಕೆ ಸೀಸನ್ ಜೋರಾಗಿದ್ದಾಗ ನಾನು ಆ ಪ್ರಾಜೆಕ್ಟ್‌ನಲ್ಲಿ ಇದನ್ನು ಮುಟ್ಟುವುದಿಲ್ಲ. ಹೋಂಸ್ಟೇ ಮುಂದಕ್ಕೆ ಹೋಗಿರಲಿ, ಅಡಿಕೆ ಹಿಂದೆಯೇ ಇರಲಿ, ಏನೂ ತೊಂದರೆ ಇಲ್ಲ.

ಇಬ್ಬರೂ ನಂಬರ್ ಬದಲಿಸಿದರೆ

ಒಬ್ಬರ ಕಮಿಟ್ ಇನ್ನೊಬ್ಬರದರ ಮುಂದುವರಿಕೆ ಆಗಿದ್ದರೆ ಗಿಟ್ ತಾನೇ ಮುಂದಿನದನ್ನು ಆರಿಸಿಕೊಳ್ಳುತ್ತದೆ. ಎರಡೂ ಬೇರೆ ದಾರಿ ಹಿಡಿದಿದ್ದರೆ ಕಾನ್‌ಫ್ಲಿಕ್ಟ್ ಬರುತ್ತದೆ. ಹೊರಗೆ ಕೂತು ಬಿಡಿಸಲು ನೋಡಬೇಡಿ, ಅಲ್ಲಿ ಇರುವುದು ಬರೀ ಎರಡು ನಂಬರು. ಒಳಗೆ ಹೋಗಿ ಎರಡು ಕಮಿಟ್‌ಗಳನ್ನು ಮರ್ಜ್ ಮಾಡಿ, ಪುಶ್ ಮಾಡಿ, ಹೊರಗೆ ಬಂದು ‘ಗಿಟ್ ಆ್ಯಡ್ ಅಂಕಿ’ ಕೊಟ್ಟು ಮರ್ಜ್ ಮುಗಿಸಿ.

ಪೆನ್‌ಡ್ರೈವ್‌ನಲ್ಲಿರುವ ರೆಪೊ

ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಇಡೀ ರೆಪೊವನ್ನೇ ಪೆನ್‌ಡ್ರೈವ್‌ನಲ್ಲಿಟ್ಟು ಸಬ್‌ಮಾಡ್ಯೂಲ್ ಮಾಡಿಕೊಳ್ಳುವವರೂ ಇದ್ದಾರೆ. ಅಕ್ಟೋಬರ್ 2022ರ ಗಿಟ್ 2.38.1ರಿಂದ ಇದು ನೇರವಾಗಿ ನಡೆಯುವುದಿಲ್ಲ. ಸುರಕ್ಷತೆಗಾಗಿ, ಕಂಪ್ಯೂಟರಿನ ಒಳಗಿನ ದಾರಿಯಿಂದ ಸಬ್‌ಮಾಡ್ಯೂಲ್ ತರುವುದನ್ನು ನಿಲ್ಲಿಸಿದ್ದಾರೆ. ರೆಪೊ ನಿಮ್ಮದೇ ಆಗಿದ್ದರೆ ಆ ಒಂದು ಸಲಕ್ಕೆ ಮಾತ್ರ ಬಿಡಿ:

```
ಗಿಟ್ -ಸಿ ಪ್ರೋಟೋಕಾಲ್.ಫೈಲ್.ಅಲೋ=ಆಲ್ವೇಸ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್
```

ಗ್ಲೋಬಲ್ ಸೆಟ್ಟಿಂಗ್ ಮಾಡಿ ಇಡಬೇಡಿ. ಯಾರೋ ಕೊಟ್ಟ ರೆಪೊಗೂ ಬಾಗಿಲು ತೆರೆದಂತೆ ಆಗುತ್ತದೆ.

ಸಬ್‌ಮಾಡ್ಯೂಲ್ ಬೇಡ ಅನಿಸಿದರೆ

ತೆಗೆಯುವುದು ಮೂರು ಸಾಲಿನ ಕೆಲಸ:

```
ಗಿಟ್ ಸಬ್‌ಮಾಡ್ಯೂಲ್ ಡಿಇನಿಟ್ -ಎಫ್ ಅಂಕಿ
ಗಿಟ್ ಆರ್‌ಎಂ ಅಂಕಿ
ಆರ್‌ಎಂ -ಆರ್‌ಎಫ್ .ಗಿಟ್/ಮಾಡ್ಯೂಲ್ಸ್/ಅಂಕಿ
```

ಆಮೇಲೆ ಕಮಿಟ್. ಮೂರನೇ ಸಾಲು ಬಿಟ್ಟರೆ ಅದೇ ಹೆಸರಿನಲ್ಲಿ ಮತ್ತೆ ಸೇರಿಸುವಾಗ ಹಳೆಯದು ಅಡ್ಡ ಬರುತ್ತದೆ. ಒಳಗೆ ಪುಶ್ ಮಾಡದೆ ಉಳಿದ ಕಮಿಟ್ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ, ಈ ಸಾಲಿನ ನಂತರ ರೆಫ್‌ಲಾಗ್ ಕೂಡ ಇರುವುದಿಲ್ಲ.

ನಮ್ಮ ಹೋಂಸ್ಟೇ ಪ್ರಾಜೆಕ್ಟ್‌ನಲ್ಲಿ ನಾವು ಹೀಗೇ ತೆಗೆದೆವು. ಅವರ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಿಗೆ ಗಿಟ್ ಗೊತ್ತಿಲ್ಲ, ಗಿಟ್‌ಹಬ್‌ನಿಂದ ಜಿಪ್ ಇಳಿಸಿ ಹಾಕುತ್ತಾನೆ. ಆ ಜಿಪ್‌ನಲ್ಲಿ ಸಬ್‌ಮಾಡ್ಯೂಲ್‌ನ ಕೋಡ್ ಬರುವುದೇ ಇಲ್ಲ. ಅಂಥ ಕಡೆ ಸಬ್‌ಟ್ರೀ ಒಳ್ಳೆಯದು. ಅದು ನಂಬರ್ ಇಡುವುದಿಲ್ಲ, ಕೋಡನ್ನೇ ತಂದು ಹೊರಗಿನ ರೆಪೊದಲ್ಲಿ ಸೇರಿಸುತ್ತದೆ:

```
ಗಿಟ್ ಸಬ್‌ಟ್ರೀ ಆ್ಯಡ್ --ಪ್ರಿಫಿಕ್ಸ್=ಅಂಕಿ <ಅಂಕಿ-ವಿಳಾಸ> ಮೇನ್ --ಸ್ಕ್ವಾಶ್
```

ಹೊಸತು ತರಲು ಅದೇ ಸಾಲಿನಲ್ಲಿ ‘ಆ್ಯಡ್’ ಬದಲು ‘ಪುಲ್’. ಇಳಿಸಿಕೊಳ್ಳುವವರಿಗೆ ಏನೂ ಗೊತ್ತಿರಬೇಕಾಗಿಲ್ಲ, ಮಾಮೂಲಿ ಫೋಲ್ಡರಿನ ಹಾಗೇ ಕಾಣುತ್ತದೆ. ಇಲ್ಲಿ ಬದಲಿಸಿದ್ದನ್ನು ಮೂಲ ಅಂಕಿಗೆ ವಾಪಸ್ ಕಳಿಸುವುದು ಮಾತ್ರ ಸ್ವಲ್ಪ ಕಿರಿಕಿರಿ. ಅದಕ್ಕೇ ಹೋಂಸ್ಟೇ ಪ್ರಾಜೆಕ್ಟ್‌ನೊಳಗೆ ನಾವು ಅಂಕಿಯನ್ನು ತಿದ್ದುವುದಿಲ್ಲ, ತರುವುದಷ್ಟೇ. ತಿದ್ದುವುದೆಲ್ಲ ಅಡಿಕೆ ಪ್ರಾಜೆಕ್ಟ್‌ನಲ್ಲಿ. ‘ಒಂದು ಲಕ್ಷದ ರೂಪಾಯಿ’ಯನ್ನು ಹೋದ ತಿಂಗಳು ಅಲ್ಲೇ ಸರಿ ಮಾಡಿದೆ. ಗೋಕರ್ಣಕ್ಕೆ ಒಂದು ಸಬ್‌ಟ್ರೀ ಪುಲ್, ಕಾರವಾರಕ್ಕೆ ಒಂದು ಹೊಸ ನಂಬರು, ಅಷ್ಟೇ ಬೇಕಾದದ್ದು.